ನೆತ್ತಿಯ ಹೆಂಚು

ಮಹದೇವಮ್ಮನ ತಲೆಯ ಮೇಲೆ ಗಂಡ ಬೆಟ್ಟಯ್ಯ ಓಡಾಡುತ್ತಿದ್ದ. ಅವನು ಕಾಲಿಟ್ಟಲ್ಲೆಲ್ಲ ಗಳ ಕಿರುಗುಟ್ಟಿ, ಹೆಂಚಿನ ಸಂದಿಯಿಂದ ಮಸಿ ಉದುರುತ್ತಿತ್ತು. ಸೆರಗನ್ನು ತಲೆಗೆಳೆದುಕೊಂಡು ಅವಳು ನೆಲದ ಮೇಲಿನ ಬಿಸಿಲ ಬಿಲ್ಲೆಗಳನ್ನೇ ನೋಡುತ್ತ ಕೂತಿದ್ದಳು. ಸಂದಿ ಎಷ್ಟೇ ಸೊಟ್ಟಗಿರಲಿ, ಅಲ್ಲಿಂದ ಇಳಿದ ಬೆಳಕು ನೆಲ ಮುಟ್ಟುವಷ್ಟರಲ್ಲಿ ದುಂಡಗಾಗಿಬಿಡುತ್ತಿತ್ತು. ಹೊರಗೆ ಮೋಡ ಹಾದರೆ ಆ ಬಿಲ್ಲೆಗಳೊಳಗೂ ಪುಟ್ಟ ಮೋಡ ಹಾಯುತ್ತಿತ್ತು, ಅದೂ ಹಿಂದುಮುಂದಾಗಿ. ಮದುವೆಯಾಗಿ ಹೆಡತಲೆ ಊರಿಗೆ ಬಂದ ಹೊಸದರಲ್ಲಿ ಇದನ್ನು ಅವಳಿಗೆ ತೋರಿಸಿಕೊಟ್ಟವನು ಮೈದುನ ಚನ್ನಯ್ಯ. ಆಗವನು ಚಡ್ಡಿ ಎಳೆದುಕೊಳ್ಳುತ್ತ ತಿರುಗುವ ತಾಯಿಯಿಲ್ಲದ ಹುಡುಗ. "ಅತ್ಗೆವ್ವ, ನೆಲದಲ್ಲಿ ಮ್ವಾಡ ಓಯ್ತಾ ಅದ ನೋಡು" ಎಂದು ಅವಳ ಕೈಹಿಡಿದು ಕೂರಿಸಿದ್ದ.

ಈಗ ಅದೇ ಚನ್ನಯ್ಯ ಗೋಡೆಯಾಚೆ ತನ್ನ ಪಾಲಿನ ಹೆಂಚುಗಳನ್ನೆಲ್ಲ ಇಳಿಸಿ ಅಂಗಳದಲ್ಲಿ ಪೇರಿಸಿದ್ದ.

ಆ ಗೋಡೆ ಎದ್ದದ್ದು ಮನೆ ಭಾಗವಾದಾಗ. ಬೀದಿ ಬಾಗಿಲು ಯಾರಿಗೆ ಎಂಬ ಮಾತು ಬೆಳೆದು, ಚಾವಣಿಯ ಮುಂದಿನ ಇಳಿಜಾರು ಅಣ್ಣನಿಗೆ, ಹಿಂದಿನದು ತಮ್ಮನಿಗೆ ಎಂದಾಗಿ, ನೆತ್ತಿಯ ತೊಲೆಯ ಕೆಳಗೆ ನಡುಗೋಡೆ ಬಂತು. ಸಿಟ್ಟೇನೋ ಬೇಕಾದಷ್ಟಿತ್ತು, ಇಟ್ಟಿಗೆ ಸಾಲಲಿಲ್ಲ. ಗೋಡೆ ಆಳೆತ್ತರಕ್ಕೇ ನಿಂತುಬಿಟ್ಟಿತು. ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಅದನ್ನು ಹಾರಿ ಬರುತ್ತಿತ್ತು. ಅವರ ಒಗ್ಗರಣೆಗೆ ಇವರು ಸೀನುತ್ತಿದ್ದರು. ಚನ್ನಯ್ಯನ ಮಗಳು ರಂಜಿನಿ ಮಗ್ಗಿ ತಪ್ಪಿದರೆ ಮಹದೇವಮ್ಮ ಈಚೆ ತುಟಿ ಕಚ್ಚಿಕೊಳ್ಳುತ್ತಿದ್ದಳು. ಮಗು ಕೆಮ್ಮಿತೆಂದರೆ ಅವಳ ಜೀವ ನಿಲ್ಲುತ್ತಿರಲಿಲ್ಲ. ಗಂಡನ ಕಣ್ತಪ್ಪಿಸಿ ಕೆಂಡದ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಗೋಡೆಯ ಬುಡದಲ್ಲಿಡುತ್ತಿದ್ದಳು. ಹೊಗೆ ಮೇಲೇರಿ, ತೊಲೆಯನ್ನು ಬಳಸಿ, ಮೆಲ್ಲಗೆ ಆಚೆಗಿಳಿಯುತ್ತಿತ್ತು. ಇದು ಯಾರಿಗೂ ಗೊತ್ತಿಲ್ಲವೆಂದೇ ಅವಳು ತಿಳಿದಿದ್ದಳು.

ನಾಡಹೆಂಚಿನ ಮನೆಯೆಂದರೆ ವರ್ಷಾವರ್ಷ ರೋಹಿಣಿ ಮಳೆಗೆ ಮುಂಚೆ ಕೈಯಾಡಿಸಲೇಬೇಕು. ಒಡೆದದ್ದನ್ನು ತೆಗೆದು, ಅಂಗಾತ ಹೆಂಚಿನ ಮೇಲೆ ಬೋರಲು ಹೆಂಚು ಕೂರಿಸುತ್ತ ಸೂರಿನಿಂದ ನೆತ್ತಿಗೆ ಹತ್ತಬೇಕು. ನೆತ್ತಿಯ ಹೆಂಚು ಮಾತ್ರ ಒಬ್ಬರ ಕೈಗೆ ಬಗ್ಗುವುದಿಲ್ಲ. ಆಚೆಯಿಂದ ಒಬ್ಬರು ಒತ್ತಿ ಹಿಡಿದರೆ ಈಚೆಯಿಂದ ಒಬ್ಬರು ಗಾರೆ ಮೆತ್ತಬೇಕು. ಹಾಗಾಗಿ ಭಾಗವಾದ ಮೇಲೂ ವರ್ಷಕ್ಕೊಮ್ಮೆ ಅಣ್ಣತಮ್ಮಂದಿರು ಮನೆಯ ನೆತ್ತಿಯಲ್ಲಿ ಎದುರುಬದುರು ಕೂತು, ಮುಖ ನೋಡದೆ, ತುಟಿಪಿಟಕ್ಕೆನ್ನದೆ ಕೆಲಸ ಮುಗಿಸಿ ಇಳಿಯುತ್ತಿದ್ದರು. ಆ ದಿನ ಬಂತೆಂದರೆ ಮಹದೇವಮ್ಮನಿಗೆ ಹಬ್ಬ. ಕಾರಣ ಹೇಳದೆ ಪಾಯಸ ಮಾಡುತ್ತಿದ್ದಳು.

ಈ ವರ್ಷ ಪಾಯಸವಿಲ್ಲ. ನಂಜನಗೂಡಿನ ಫ್ಯಾಕ್ಟರಿಯಲ್ಲಿ ಕೆಲಸ ಖಾಯಂ ಆದ ಚನ್ನಯ್ಯ ತನ್ನ ಪಾಲಿಗೆ ಮೋಲ್ಡಿಂಗ್ ಹಾಕಿಸುತ್ತಿದ್ದ. ಅದಕ್ಕೆ ನಡುಗೋಡೆ ತೊಲೆಯ ಮಟ್ಟಕ್ಕೇರಬೇಕು. ಚಿಕ್ಕಯ್ಯನಛತ್ರದ ಗಾರೆ ಕೆಲಸದ ಮರಿಯಯ್ಯ ಬೆಳಗಿನಿಂದ ಸಾರುವೆಯ ಮೇಲೆ ನಿಂತು ಇಟ್ಟಿಗೆಯ ಮೇಲೆ ಇಟ್ಟಿಗೆ ಕೂರಿಸುತ್ತಿದ್ದ. ಒಂದೊಂದು ವರಸೆ ಏರಿದಂತೆಲ್ಲ ಆಚೆಯ ಸದ್ದು ಒಂದೊಂದಾಗಿ ಸಣ್ಣದಾಯಿತು. ಮೊದಲು ಪಾತ್ರೆಯ ಸದ್ದು ಹೋಯಿತು, ಆಮೇಲೆ ರಂಜಿನಿಯ ಕಾಲ್ಗೆಜ್ಜೆ. ಇನ್ನು ಆ ಮಗುವಿನ ಉಸಿರೂ ತನಗೆ ಕೇಳಿಸುವುದಿಲ್ಲ ಎನಿಸಿತು ಮಹದೇವಮ್ಮನಿಗೆ.

ಮೇಲೆ ಬೆಟ್ಟಯ್ಯ ನೆತ್ತಿ ತಲುಪಿ, ಕೊನೆಯ ಹೆಂಚನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಹಿಡಿಯುವ ಎದುರುಗೈ ಇರಲಿಲ್ಲ, ಕರೆಯಲು ಬಾಯಿ ಬರಲಿಲ್ಲ.

ಅವಳು ಎದ್ದು ಒಲೆಯಿಂದ ಕೆಂಡ ತೆಗೆದಳು. ಯಾರೂ ಕೆಮ್ಮಿರಲಿಲ್ಲ. ಆದರೂ ಹಿಡಿ ತುಂಬ ಓಮ ಸುರಿದು ಗೋಡೆಯ ಬುಡದಲ್ಲಿಟ್ಟಳು. ಹೊಗೆ ದಟ್ಟವಾಗಿ ಎದ್ದು, ಉಳಿದಿದ್ದ ಸಂದಿಯಲ್ಲಿ ನುಗ್ಗಿತು.

"ಯಾರವ್ವ ಅದು, ಕಣ್ಣು ಉರೀತಾವಲ್ಲ!" ಎಂದ ಮರಿಯಯ್ಯ. "ಇನ್ನೊಂದು ಇಟ್ಟಿಗ ಇಕ್ಬುಟ್ರ ಮುಗೀತು."

"ತಡಿ ಮರಿಯಯ್ಯ." ಅದು ಚನ್ನಯ್ಯನ ದನಿ. ಆಮೇಲೆ ಸಂದಿಯ ಹತ್ತಿರದಿಂದಲೇ ಮಾತು ಬಂತು. "ಅತ್ಗೆವ್ವ, ಇವತ್ತು ಮಗು ಕೆಮ್ತಾ ಇಲ್ಲ ಕಣವ್ವ."

ಮಹದೇವಮ್ಮ ಗೋಡೆಗೆ ಕೈಯೂರಿದಳು. ಇಷ್ಟು ವರ್ಷ ಇವನಿಗೆ ಗೊತ್ತಿತ್ತು! ತಡೆಯಲಾರದೆ ಅಳು ಬಂತು.

"ಗೊತ್ತು ಕಣಪ್ಪ. ಸುಮ್ನ ಆಕ್ದಿ. ಇನ್ಮೇಲ ಕೆಮ್ಮುದ್ರೂ ನಂಗ ಕೇಳ್ಸಕ್ಕಿಲ್ವಲ್ಲ."

ನೆತ್ತಿಯ ಮೇಲೆ ಬೆಟ್ಟಯ್ಯ ಕ್ಯಾಕರಿಸಿ ಗಂಟಲು ಸರಿಮಾಡಿಕೊಂಡ. ಅವನ ದನಿ ಬಿಗುವಾಗೇ ಇತ್ತು.

"ಮರಿಯಯ್ಯ, ಆ ಇಟ್ಟಿಗ ಇಕ್ಬ್ಯಾಡ ಅಂತ ಹೇಳು ಅವನ್ಗ. ಬಂದು ಈ ಎಂಚು ಇಡ್ಕಬೇಕಂತ, ಅದ್ನೂ ಹೇಳು."

ಇಟ್ಟಿಗೆ ಹಿಡಿದಿದ್ದವನು ಮರಿಯಯ್ಯನೇ. ಯಾರಿಗೆ ಯಾರು ಹೇಳಬೇಕೋ ತಿಳಿಯದೆ ಅವನು ಪೆಚ್ಚಾಗಿ ನಿಂತ. ಯಾರೋ ಮೇಲಕ್ಕೆ ಹತ್ತಿದಂತೆ ಸಾರುವೆ ಒಮ್ಮೆ ಕಿರುಗುಟ್ಟಿತು.

ಮಹದೇವಮ್ಮ ತಲೆಯೆತ್ತಿ ನೋಡಿದಳು. ನೆತ್ತಿಯಲ್ಲಿ ಅಂಗೈಯಗಲ ಆಕಾಶವಿತ್ತು. ಆಚೆಯಿಂದ ಎರಡು ಕೈ, ಈಚೆಯಿಂದ ಎರಡು ಕೈ ಬಂದು ಹೆಂಚು ಅದರ ಮೇಲೆ ಇಳಿಯಿತು. ಕೋಣೆ ಕತ್ತಲಾಯಿತು. ನೆಲದ ಮೇಲೆ ಬಿಸಿಲ ಬಿಲ್ಲೆಗಳು ಒಂದೊಂದಾಗಿ ಮತ್ತೆ ಕಾಣಿಸಿಕೊಂಡವು. ಹೊಗೆ ತೊಲೆಯ ಕೆಳಗೆ ಅತ್ತಿತ್ತ ತಿರುಗಾಡಿ, ಒಂದಿಟ್ಟಿಗೆಯ ಸಂದಿಯನ್ನು ಹುಡುಕಿಕೊಂಡು ಹೋಯಿತು.

ಆಚೆ ರಂಜಿನಿ ಸೀನಿದಳು.