ತಲೆಯ ಕಡೆಯ ಹೆಗಲು

ಮೇಸ್ತ್ರಿ ಬಗ್ಗಿ ಹೆಣದ ಪೆಟ್ಟಿಗೆಯ ತಲೆಯ ಕಡೆಗೆ ಕೈ ಹಾಕಿದ್ದನಷ್ಟೆ, ಸತ್ತವನ ಮಗ ಹಿಂದಿನಿಂದ ಬಂದು ಅವನ ಕೊರಳಪಟ್ಟಿ ಹಿಡಿದು ಎಳೆದ. ಎಳೆದ ರಭಸಕ್ಕೆ ಮುದುಕ ಗೋಡೆಗೆ ಅಪ್ಪಳಿಸಿ, ಕುರ್ಚಿಯೊಂದನ್ನು ಕೆಡವಿಕೊಂಡು ನೆಲಕ್ಕೆ ಬಿದ್ದ. ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು.

"ಅಪ್ಪನ್ನ ಕೊಂದೋನು ನೀನು. ಈಗ ಹೊರೋಕೆ ಬಂದ್ಯಾ?" ಎಂದ ಮಗ.

ಪೆಟ್ಟಿಗೆಯ ಪಕ್ಕದಲ್ಲಿ ಕೈಮುಗಿದು ಕುಳಿತಿದ್ದ ತಾಯಿಯ ಪ್ರಾರ್ಥನೆ ಅರ್ಧಕ್ಕೆ ನಿಂತಿತು. ಅವಳು ಗೋಡೆ ಹಿಡಿದು ಎದ್ದಳು.

"ನಾನೇ ಹೇಳಿ ಕಳಿಸಿದ್ದು. ತಲೆ ಕಡೆ ಮೇಸ್ತ್ರಿ ಹೆಗಲು ಕೊಡಲಿ ಅಂತ ನಿಮ್ಮಪ್ಪ ಹೇಳಿ ಹೋಗಿದ್ದಾರೆ. ನೀನೂ ಕೇಳಿಸ್ಕೊಂಡಿದ್ದೀಯ."

"ಜ್ವರದಲ್ಲಿ ಬಡಬಡಿಸಿದ್ದು ಅದು."

"ಜ್ವರ ಇರಲಿಲ್ಲ ಕಣೋ. ನಾನು ಹಣೆ ಮುಟ್ಟಿ ನೋಡಿದ್ದೆ."

ಕಿಟಕಿಯ ಬಳಿ ನಿಂತಿದ್ದ ನಾದಿನಿ ಮೂಗೊರೆಸಿಕೊಂಡಳು. "ಚೆನ್ನಾಗಿದೆ ಅತ್ತಿಗೆ. ಅಣ್ಣನ ಬೆರಳು ತಿಂದವನ ಹೆಗಲ ಮೇಲೇ ಅಣ್ಣನ್ನ ಕಳಿಸು. ಹೋಗ್ತಾ ದಾರೀಲಿ ಉಳಿದ ಬೆರಳೂ ತಿನ್ನಲಿ."

ತಾಯಿ ಪೆಟ್ಟಿಗೆಯ ಮೇಲೆ ಅಂಗೈ ಊರಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಗಂಡ ಅವಳನ್ನು ಏನನ್ನೂ ಕೇಳಿದವನಲ್ಲ. ಕೊನೆಗೆ ಕೇಳಿದ್ದು ಇದೊಂದೇ. ಇದನ್ನು ನಡೆಸಿಕೊಡದಿದ್ದರೆ ನಾಳೆ ದೇವರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂಬುದೇ ಅವಳ ಚಿಂತೆಯಾಗಿತ್ತು.

*

ಸತ್ತವನನ್ನು ಬಂದರಿನಲ್ಲಿ ಕತ್ತಲಪ್ಪ ಎಂದು ಕರೆಯುತ್ತಿದ್ದರು. ಹೆಪ್ಪುಗಟ್ಟಿಸಿದ ಮೀನು, ಮಾಂಸ, ಬಟಾಣಿ ತುಂಬಿಕೊಂಡು ಕಡಲಾಚೆ ಹೋಗುವ ತಣ್ಣನೆಯ ಕಂಟೇನರುಗಳನ್ನು ಪರೀಕ್ಷೆ ಮಾಡುವುದು ಅವನ ಕೆಲಸ. ಖಾಲಿ ಕಂಟೇನರಿನೊಳಗೆ ಹೋಗಿ ನಿಲ್ಲುವನು. ಹೊರಗಿನಿಂದ ಬಾಗಿಲು ಮುಚ್ಚಿ ಕಬ್ಬಿಣದ ಅಗುಳಿ ಜಡಿಯುವರು. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಅವನು ಮೂಲೆಮೂಲೆಯನ್ನೂ ನೋಡುವನು. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿ ತೂತಿದೆ ಎಂದರ್ಥ. ಬೆಳಕು ನುಗ್ಗಿದಲ್ಲಿ ಸೆಕೆಯೂ ನುಗ್ಗುತ್ತದೆ, ಮೂರು ವಾರದ ಕಡಲ ದಾರಿಯಲ್ಲಿ ಸರಕು ಕೊಳೆಯುತ್ತದೆ. ಒಳಗಿನಿಂದ ಎರಡು ಸಲ ಬಡಿದರೆ ಕಂಟೇನರ್ ಸರಿ. ಮೂರು ಸಲ ಬಡಿದರೆ ಬೆಳಕಿದೆ, ವಾಪಸು ಕಳಿಸಬೇಕು. ಒಳಗಿನವನು ತಾನಾಗಿ ಬಾಗಿಲು ತೆರೆಯುವಂತಿರಲಿಲ್ಲ. ಬಡಿದು, ಹೊರಗಿನವನನ್ನು ನಂಬಿ ನಿಲ್ಲಬೇಕು.

"ನಿನಗೆ ಬೆಳಕು ಕಂಡ್ರೆ ದೇವರು, ನನಗೆ ಬೆಳಕು ಕಂಡ್ರೆ ಜಗಳ," ಎಂದು ಅವನು ಹೆಂಡತಿಯನ್ನು ನಗಿಸುತ್ತಿದ್ದ. ಜಗಳ ಸುಳ್ಳಲ್ಲ. ಮೂರು ಸಲ ಬಡಿದ ದಿನ ಲಾರಿಯವರು ಬೈಯುವರು, ಹಡಗಿನವರು ಬೈಯುವರು. ಒಮ್ಮೆ ಯಾರೋ ಕೊಕ್ಕೆ ಬೀಸಿ ಹೊಡೆದು ಕಿವಿ ಹರಿದಿತ್ತು. ಹೊಲಿಗೆ ಹಾಕಿಸಿಕೊಂಡು ಬಂದು ಮರುದಿನವೂ ಮೂರು ಸಲ ಬಡಿದ.

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಒಳಗಿದ್ದಾಗಲೇ ತಣ್ಣಗೆ ಮಾಡುವ ಯಂತ್ರ ಓಡತೊಡಗಿತು. ಎರಡೂವರೆ ಗಂಟೆಯ ನಂತರ ಮೇಸ್ತ್ರಿ ಬಾಗಿಲು ತೆಗೆದಾಗ ಕತ್ತಲಪ್ಪ ಹೊಸ್ತಿಲಿಗೆ ಒತ್ತಿಕೊಂಡು ಬಿದ್ದಿದ್ದ. ಬಾಗಿಲು ಬಡಿದು ಬಡಿದು ಬಲಗೈ ಮಾಂಸದ ಮುದ್ದೆಯಾಗಿತ್ತು. ಮೂರು ಬೆರಳು ಕತ್ತರಿಸಿದರು. ಶ್ವಾಸಕೋಶ ಮತ್ತೆ ಸರಿಹೋಗಲೇ ಇಲ್ಲ. ಬಾಗಿಲಲ್ಲಿದ್ದವನು ಮೇಸ್ತ್ರಿ, ತಾನು ಆಚೆ ತುದಿಯ ಯಂತ್ರದ ಬಳಿ ಇದ್ದೆ ಎಂದು, ಅಲ್ಲೇ ಕೆಲಸಕ್ಕಿದ್ದ ಮಗ ಎಲ್ಲರಿಗೂ ಹೇಳಿದ. ಆ ಸಂಜೆಯೇ ಹಮಾಲರು ಮೇಸ್ತ್ರಿಯನ್ನು ಅಟ್ಟಿಸಿಕೊಂಡು ಹೋಗಿ ಅಗುಳಿಯ ಸಲಾಕೆಯಿಂದ ಅವನ ಎಡ ಮಂಡಿ ಪುಡಿಮಾಡಿದರು. ಮೊದಲ ಏಟು ಮಗನದು.

*

ಮೇಸ್ತ್ರಿ ಕುರ್ಚಿ ಹಿಡಿದು ಎದ್ದು ಮತ್ತೆ ಪೆಟ್ಟಿಗೆಯ ಕಡೆಗೇ ಬಂದ. ಮಗ ಅವನ ಹೊಟ್ಟೆಗೆ ಒದ್ದ. ಮೇಸ್ತ್ರಿ ಮಡಚಿಕೊಂಡು ಕುಸಿದ, ಆದರೂ ಪೆಟ್ಟಿಗೆಯ ಅಂಚನ್ನು ಹಿಡಿದ ಕೈ ಬಿಡಲಿಲ್ಲ. ಮಗ ಆ ಕೈಯನ್ನು ಬೂಟುಗಾಲಿನಿಂದ ತುಳಿದ.

"ಬಿಡೋ ಅವರನ್ನ," ಎಂದಳು ತಾಯಿ.

"ನಿನಗೇನು ಗೊತ್ತಮ್ಮ? ಮೂರು ಸಲ ಬಡಿದ್ರು ಅಪ್ಪ. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಆಮೇಲೆ ಅಂಗೈಯಲ್ಲಿ ಬಡಿದ್ರು, ಲೆಕ್ಕ ಇಲ್ಲದ ಹಾಗೆ. ಈ ನನ್ಮಗ ತೆಗೀಲಿಲ್ಲ."

ಕೋಣೆಯಲ್ಲಿದ್ದ ಬಂದರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲಿಗೊರಗಿ ನಿಂತಿದ್ದ ಕ್ರೇನ್ ಡ್ರೈವರ್ ಮುಂದೆ ಬಂದ.

"ನೀನು ಮಿಷನ್ ಹತ್ರ ಇದ್ದೆ ಅಂದಿದ್ದೆ."

"ಹೌದು, ಇದ್ದೆ."

"ನಲವತ್ತು ಅಡಿ ಕಣಯ್ಯ ಅದು. ಗೋಡೆ ತುಂಬ ಫೋಮು. ಈ ತುದೀಲಿ ಬಾಗಿಲು ಬಡಿದದ್ದು ಆ ತುದಿಗೆ ಇಪ್ಪತ್ತು ವರ್ಷದಲ್ಲಿ ನನಗೆ ಒಂದಿನಾನೂ ಕೇಳಿಲ್ಲ. ಬಾಗಿಲಿಗೆ ಕಿವಿ ಕೊಟ್ಟೋನಿಗೆ ಮಾತ್ರ ಕೇಳೋದು."

"ಅಪ್ಪ ಹೇಳಿದ್ರು."

"ಅವರು ಹೇಳಲಿಲ್ಲ," ಎಂದಳು ತಾಯಿ. "ಎಂಟು ವರ್ಷ ಪಕ್ಕದಲ್ಲಿ ಮಲಗಿದ್ದೀನಿ. ಆ ದಿನದ ಮಾತು ಒಂದು ಸಲಾನೂ ಎತ್ತಲಿಲ್ಲ." ಅವಳು ಮೇಸ್ತ್ರಿಯ ಮುಂದೆ ಕುಕ್ಕರಿಸಿ ಕುಳಿತಳು. "ದೇವರು ನೋಡ್ತಿದ್ದಾನೆ ಅಣ್ಣ. ಹೇಳಿ. ಬಾಗಿಲಲ್ಲಿ ಯಾರಿದ್ರು?"

"ಸ್ವಿಚ್ ಹಾಕಿದ್ದು ನಾನು ತಾಯಿ. ಬಾಗಿಲ ಕಡೆ ಇದ್ದೋನು ಊಟಕ್ಕೆ ನಡೆದದ್ದು ಕಂಡೆ, ಕೆಲಸ ಮುಗೀತು ಅಂದ್ಕೊಂಡೆ. ಸುತ್ತು ಹಾಕಿ ಬಂದು ನೋಡಬೇಕಿತ್ತು, ನೋಡಲಿಲ್ಲ."

"ನಾನು ಕೇಳಿದ್ದು ಬಾಗಿಲಲ್ಲಿ ಯಾರಿದ್ರು ಅಂತ."

ಮೇಸ್ತ್ರಿ ಪೆಟ್ಟಿಗೆಯ ಕಡೆ ನೋಡಿದ. "ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೀನಿ," ಎಂದ.

*

ಎಂಟು ವರ್ಷದ ಹಿಂದೆ, ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಗಂಡ ಅವಳನ್ನು ಬಿಸಿನೀರಿಗೆಂದು ಹೊರಗೆ ಕಳಿಸಿದ್ದ. ನೀರು ತಂದಾಗ, ಮುರಿದ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಮೇಸ್ತ್ರಿ ಪಕ್ಕದ ವಾರ್ಡಿನಿಂದ ಗಾಲಿಕುರ್ಚಿಯಲ್ಲಿ ಬಂದು ಮಂಚದ ಬಳಿ ಇದ್ದ. ಅವನ ಎರಡು ಕೈಗಳ ನಡುವೆ ಗಂಡನ ಬಟ್ಟೆ ಸುತ್ತಿದ ಕೈ. ಇಬ್ಬರೂ ಅಳುತ್ತಿದ್ದರು. ಗಂಡ ಕ್ಷಮಿಸುತ್ತಿದ್ದಾನೆ ಎಂದುಕೊಂಡು ಅವಳು ಬಾಗಿಲಲ್ಲೇ ನಿಂತಳು. ಇಂಥ ಗಂಡನನ್ನು ಕೊಟ್ಟೆಯಲ್ಲ ಎಂದು ಅಂದಿನಿಂದ ದಿನವೂ ದೇವರಿಗೆ ಕೈಮುಗಿದಿದ್ದಳು.

ಕ್ಷಮೆಯಲ್ಲ ಅದು. ಮಗನ ಹೆಸರು ಹೇಳಬೇಡ ಎಂದು ಬೇಡುತ್ತಿದ್ದವನು ಅವಳ ಗಂಡ.

*

"ಆವತ್ತು ಬೆಳಿಗ್ಗೆ ಎಲ್ಲರ ಮುಂದೆ ನನ್ನ ಕೆನ್ನೆಗೆ ಹೊಡೆದಿದ್ರು," ಎಂದ ಮಗ. ದನಿ ಸಣ್ಣಗಾಗಿತ್ತು. "ಬಾಗಿಲಿನ ರಬ್ಬರು ಒರೆಸಿಲ್ಲ ಅಂತ. ಹಮಾಲರೆಲ್ಲ ನಕ್ಕರು. ಬಡೀಲಿ, ಸ್ವಲ್ಪ ಹೊತ್ತು ಅಲ್ಲೇ ಬಿದ್ದಿರಲಿ ಅಂತ ಊಟಕ್ಕೆ ಹೋದೆ. ಬಂದಾಗ ಮಿಷನ್ ಓಡ್ತಿತ್ತು. ಯಾರೋ ತೆಗೆದು ಕಳಿಸಿರ್ತಾರೆ ಅಂದ್ಕೊಂಡೆ."

"ಹೋಗಿ ನೋಡಿದ್ಯಾ?"

"ಇಲ್ಲ."

ತಾಯಿ ಅವನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಆಮೇಲೆ ಮುಷ್ಟಿ ಕಟ್ಟಿ ಮುಖಕ್ಕೆ, ಎದೆಗೆ, ಸಿಕ್ಕಿದಲ್ಲಿಗೆ ಗುದ್ದಿದಳು. ಅವನ ಮೂಗಿನಿಂದ ರಕ್ತ ಸುರಿದು ಅವಳ ಮಣಿಕಟ್ಟಿಗೆ ಅಂಟಿತು. ಅವನು ಕೈ ಅಡ್ಡ ಇಡಲಿಲ್ಲ. ಅವಳು ಕುರ್ಚಿ ಎತ್ತಿಕೊಂಡಾಗಲೂ ಯಾರೂ ತಡೆಯಲಿಲ್ಲ. ನಾದಿನಿ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಕುರ್ಚಿಯ ಕಾಲು ಮಗನ ಭುಜಕ್ಕೆ ಬಿದ್ದು ಮುರಿಯಿತು.

"ಸಾಕು ತಾಯಿ," ಎಂದ ಮೇಸ್ತ್ರಿ ನೆಲದಿಂದ. "ಒಂದು ಹೆಗಲಾದ್ರೂ ನೆಟ್ಟಗಿರಲಿ. ಹೊರಬೇಕಲ್ಲ."

ಅವಳು ಕುರ್ಚಿ ಬಿಟ್ಟಳು. ಏದುಸಿರಿನ ನಡುವೆ ಮಗನಿಗೆ ಬೆರಳು ತೋರಿಸಿದಳು. "ತಲೆ ಕಡೆ ನಿಲ್ಲು. ಮೇಸ್ತ್ರಿ ಎಡಗಡೆ, ನೀನು ಬಲಗಡೆ."

"ಅಮ್ಮ, ಪೊಲೀಸಿಗೆ..."

"ಅದು ನಾಳೆ. ನಾನೇ ಕರ್ಕೊಂಡು ಹೋಗ್ತೀನಿ. ಇವತ್ತು ಅವರು ಹೇಳಿದ್ದು ಆಗಲಿ."

ಕ್ರೇನ್ ಡ್ರೈವರ್ ಮೇಸ್ತ್ರಿಯನ್ನು ಎತ್ತಿ ನಿಲ್ಲಿಸಿ, ತಾನು ಕಾಲಿನ ಕಡೆ ಇನ್ನೊಬ್ಬನೊಂದಿಗೆ ನಿಂತ. ನಾಲ್ವರೂ ಎತ್ತಿದರು. ಮಗ ಎತ್ತರದ ಆಳು, ಮಂಡಿ ಕೆಟ್ಟ ಮೇಸ್ತ್ರಿ ಅವನ ಎದೆಮಟ್ಟಕ್ಕೆ ಬಂದಾನು. ಹೆಗಲಿಗೇರಿದ್ದೇ ಪೆಟ್ಟಿಗೆ ಎಡಕ್ಕೆ ವಾಲಿತು. ಒಳಗೆ ದೇಹ ಜರುಗಿ ಹಲಗೆಗೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು. ಭಾರವೆಲ್ಲ ಮೇಸ್ತ್ರಿಯ ಮೇಲೆ ಬಂದು ಅವನ ಕಾಲು ಅದುರತೊಡಗಿತು.

ಮಗ ಮಂಡಿ ಬಗ್ಗಿಸಿದ. ಹೆಗಲು ಹೆಗಲಿಗೆ ಸಮನಾಗುವವರೆಗೆ ಬಗ್ಗಿಸಿ, ಹಾಗೆಯೇ ಹೆಜ್ಜೆ ಇಟ್ಟ. ಮೆಟ್ಟಿಲಿಳಿದರು. ಮಗನ ತೊಡೆ ನಡುಗುತ್ತಿತ್ತು. ಮೂಗಿನ ರಕ್ತ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ. ಓಣಿಯ ಕೊನೆಯಲ್ಲಿ, ನಾನು ಹಿಡೀತೀನಿ ಬಿಡು ಎಂದು ಯಾರೋ ಮುಂದೆ ಬಂದರು. ಅವನು ತಲೆಯಲ್ಲಾಡಿಸಿದ. ಓಣಿ ದಾಟಿ ದೊಡ್ಡ ರಸ್ತೆಗೆ ಬಂದರೂ ಅವನು ಮಂಡಿ ನೇರ ಮಾಡಲಿಲ್ಲ.