ನೇರಳೆ ನೀರಿನ ಪರೀಕ್ಷೆ

ಮದುವೆಯಾಗಿ ಹದಿನೆಂಟು ವರ್ಷವಾದರೂ ನಮ್ಮತ್ತೆ ಯಿನ್‌ಹುವಾ ಒಂದೇ ಒಂದು ಸಲ ನನ್ನನ್ನು ಹೊಗಳಿರಲಿಲ್ಲ. ಲೊಂಗ್‌ಚುವಾನ್ ಬೆಟ್ಟದಲ್ಲಿ ಮರದ ತುಂಡು ಹೂತು, ಕಷಾಯ ಮಾಡಿ ಕುಡಿಯುವ ಲಿಂಗ್‌ಝಿ ಎಂಬ ಗಟ್ಟಿ ಅಣಬೆ ಬೆಳೆಯುವವನು ನಾನು. "ಅಣಬೆ ತಾನಾಗೇ ಬೆಳೆಯುತ್ತೆ ಕಣಯ್ಯಾ, ನೀನು ಪಕ್ಕದಲ್ಲಿ ನಿಂತಿರ್ತೀಯ ಅಷ್ಟೆ," ಎನ್ನುತ್ತಿದ್ದರು. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷ ಅವರ ಬಾಯಿ ಮುಚ್ಚಿಸಲು ಒಂದು ದಾರಿ ಸಿಕ್ಕಿತು. ಯಾರ ಅಣಬೆಯಲ್ಲಿ ಆ್ಯಂಟಿ-ಆಕ್ಸಿಡೆಂಟ್, ಅಂದರೆ ದೇಹಕ್ಕೆ ತುಕ್ಕು ಹಿಡಿಯದಂತೆ ಕಾಯುವ ಸತ್ವ, ಹೆಚ್ಚಿದೆಯೋ ಅವರ ಫೋಟೋ ಬೆಳೆಗಾರರ ಸಂಘದ ಪೊಟ್ಟಣದ ಮೇಲೆ! ಇರುವುದರಲ್ಲೇ ಚೆಂದದ್ದನ್ನು ಆರಿಸಿ, ಹೆಚ್ಚಿ, ಬಟ್ಟೆಚೀಲಕ್ಕೆ ತುಂಬಿ ಅಡುಗೆಮನೆಯಲ್ಲಿಟ್ಟೆ.

ಪರೀಕ್ಷೆಗೆ ಪಟ್ಟಣದಿಂದ ಬಂದ ಹುಡುಗಿ ಗಾಜಿನ ಕೊಳವೆಗಳಲ್ಲಿ ನೇರಳೆ ನೀರು ತಂದಿದ್ದಳು. "ಅಣಬೆ ಕಷಾಯ ಹಾಕ್ತೀನಿ. ಸತ್ವ ಇದ್ರೆ ಹಳದಿ ಆಗುತ್ತೆ," ಎಂದಳು. ನೆರೆಮನೆಯ ಮಾವೊನದು ಮೆಲ್ಲಗೆ ಹಳದಿಯಾಯಿತು. ನನ್ನದು ಬದನೆಕಾಯಿ ಬಣ್ಣದಲ್ಲೇ ಕೂತಿತು.

"ಏನಣ್ಣಾ, ಬೆಳೆದಿದ್ದು ಅಣಬೇನಾ, ಹಲಗೇನಾ?" ಎಂದು ಮಾವೊ ಕಿಸಕ್ಕನೆ ನಕ್ಕ.

ಹುಡುಗಿ ನನ್ನ ಅಣಬೆಯ ಚೂರೊಂದನ್ನು ಮೂಸಿದಳು. "ಇದನ್ನ ಯಾರೋ ಮೊದಲೇ ಕುದಿಸಿದಾರೆ."

ತಿರುಗಿ ನೋಡಿದರೆ ಅತ್ತೆ ಫ್ಲಾಸ್ಕಿನಿಂದ ಸೊರ್ರನೆ ಹೀರುತ್ತಿದ್ದಾರೆ!

"ಅತ್ತೇ!"

"ಏನೀಗ? ಅಷ್ಟು ಒಳ್ಳೆ ಅಣಬೇನ ಇವರು ಕೊಳವೇಲಿ ಹಾಕಿ ಚೆಲ್ತಾರಂತೆ. ಹೊಟ್ಟೆ ಉರೀತು. ಮೂರು ಸಲ ಕುದಿಸಿ, ಒಣಗಿಸಿ, ವಾಪಸ್ ಇಟ್ಟೆ. ಮನೇಲಿ ಎಲ್ರೂ ಮೂರು ಸಲ ಕುದಿಸಲ್ವಾ? ಒಂದು ಚೂರೂ ಕಮ್ಮಿ ಮಾಡಿಲ್ಲ, ಬೇಕಾದ್ರೆ ಎಣಿಸ್ಕೋ!"

ಜನ ಬಿದ್ದು ಬಿದ್ದು ನಕ್ಕರು. ಅಯ್ಯೋ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆಗೆ ಮಾತ್ರ ರೇಗಿಹೋಯಿತು. "ನಗ್ತೀರಾ? ಸತ್ವ ಎಲ್ಲಿದೆ ನೋಡಿ!" ಎಂದವರೇ ಫ್ಲಾಸ್ಕನ್ನು ಕೊಳವೆಗೆ ಬಗ್ಗಿಸಿದರು. ಕಣ್ಣು ಮಿಟುಕಿಸುವುದರೊಳಗೆ ನೇರಳೆಯೆಲ್ಲ ಹಳದಿ!

ಹುಡುಗಿ ತಲೆ ಕೆರೆದುಕೊಂಡಳು. "ಮಾವೊ ಅವರದ್ದಕ್ಕಿಂತ ಜೋರಾಗಿದೆ. ಆದ್ರೆ ಅಜ್ಜಿ, ಫ್ಲಾಸ್ಕಿಗೆ ಬಹುಮಾನ ಕೊಡೋ ನಿಯಮ ಇಲ್ಲ."

"ನಿನ್ನ ನಿಯಮ ಒಲೆಗೆ ಹಾಕು!" ಅತ್ತೆ ಮೇಜು ಗುದ್ದಿದರು. "ನಮ್ಮಳಿಯ ಬೆಳೆದಂಥ ಅಣಬೆ ಈ ಬೆಟ್ಟದಲ್ಲಿ ಇನ್ನೊಬ್ಬ ಬೆಳೀಲಿ ನೋಡೋಣ. ಮೂರು ಕುದಿ ಕುಡಿದವಳು ನಾನು, ನನಗೆ ಗೊತ್ತಿಲ್ವಾ?"

ಮಾವೊ ಫೋಟೋಗೆಂದು ಕೂದಲು ಬಾಚಿಕೊಳ್ಳತೊಡಗಿದ. ನಾನು ಕೊಳವೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಗೋಡೆಗೆ ಮುಖ ಮಾಡಿ, ಮಗುವಿನ ಹಾಗೆ ಅತ್ತುಬಿಟ್ಟೆ.