ಕಡಲಿಗೆ ಬೆನ್ನು ಹಾಕದವಳು

ಮದುವೆ ಫೋಟೋ ತೆಗೆಯುವವರ ಮುಂದೆ ಜನ ಏನೇನು ಬೇಡಿಕೆ ಇಡುತ್ತಾರೆ ಅಂತ ಹೇಳುತ್ತ ಕೂತರೆ ಹೊತ್ತು ಮುಳುಗೀತು. ಒಬ್ಬಳಿಗೆ ಬಿಳಿ ಕುದುರೆ ಬೇಕು. ಒಬ್ಬಳಿಗೆ ಮೂಗು ಚಿಕ್ಕದಾಗಿ ಕಾಣಬೇಕು. ಇನ್ನೊಬ್ಬಳಿಗೆ ನಾದಿನಿ ಯಾವ ಫೋಟೋದಲ್ಲೂ ನಡುವೆ ನಿಂತಿರಬಾರದು. ಇದನ್ನೆಲ್ಲ ಕೇಳಿ ಕೇಳಿ ಫೋಟೋ ಅಕ್ಕನ ಕಿವಿ ಜಡ್ಡುಗಟ್ಟಿತ್ತು. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ, ಫೋಟೋ ಅಕ್ಕ ಅಂತ. ವಯಸ್ಸಿನಲ್ಲಿ ದೊಡ್ಡವರೂ ಅಕ್ಕ ಅನ್ನುತ್ತಿದ್ದರು. ಆದರೆ ಆ ದಿನ ಸ್ಟುಡಿಯೋಗೆ ಬಂದು ಕೂತ ಹುಡುಗಿ ಆಲ್ಬಮ್ಮುಗಳನ್ನು ಮುಟ್ಟಲೂ ಇಲ್ಲ.

"ದ್ವೀಪದಲ್ಲಿ ಮದುವೆ, ಕಡಲ ದಂಡೆ ಮೇಲೇ," ಅಂದಳು. "ನಿಮಗೆ ಹೇಗೆ ಬೇಕೋ ಹಾಗೆ ತೆಗೀರಿ. ನಂದು ಒಂದೇ ಮಾತು. ಅಮ್ಮನ ಜೊತೆ ನನ್ನದೊಂದು ಫೋಟೋ ಬೇಕು. ಅಮ್ಮನ ಮುಖ ಕಾಣಬೇಕು."

"ಅಯ್ಯೋ, ಒಂದೇನಮ್ಮ, ಸಾಕು ಸಾಕು ಅನ್ನೋಷ್ಟು ತೆಗೀತೀನಿ!"

ಹುಡುಗಿ ನಗಲಿಲ್ಲ. "ಮನೇಲಿ ಅಮ್ಮಂದು ಒಂದೂ ಫೋಟೋ ಇಲ್ಲ ಅಕ್ಕ. ನಾನು ಹುಟ್ಟಿದಾಗಿಂದ ಇಲ್ಲ. ಯಾರಾದ್ರೂ ಕ್ಯಾಮೆರಾ ಎತ್ತಿದ್ರೆ ಎದ್ದು ಒಳಗೆ ಹೋಗ್ತಾಳೆ. ಅವಳನ್ನ ಬಿಟ್ಟು ಹೋಗ್ತಾ ಇದ್ದೀನಿ, ನನ್ನ ಮನೆ ಗೋಡೆ ಮೇಲಾದ್ರೂ ಅವಳಿರಲಿ ಅಂತ."

"ನಾಚಿಕೇನಾ ಅವರಿಗೆ?"

"ಹಾಗೇ ಅಂದ್ಕೊಳ್ಳಿ," ಅಂತ ಹುಡುಗಿ ಕೈಚೀಲದ ಜಿಪ್ಪನ್ನು ಎಳೆಯುತ್ತ, ಮತ್ತೆ ಬಿಡುತ್ತ ಕೂತಳು.

ಫೋಟೋ ಅಕ್ಕ ಅದನ್ನೇ ನಂಬಿದಳು. ನಾಚುವ ಅಮ್ಮಂದಿರನ್ನು ಅವಳು ಬೇಕಾದಷ್ಟು ನೋಡಿದ್ದಳು. ಮಾತಿಗೆಳೆದು, ನಗಿಸಿ, ಭುಜ ಹಿಡಿದು ಮೆಲ್ಲಗೆ ತಿರುಗಿಸಿದರೆ ಎಂಥವರೂ ದಾರಿಗೆ ಬರುತ್ತಾರೆ ಎನ್ನುವುದು ಅವಳ ಅನುಭವ.

ದ್ವೀಪಕ್ಕೆ ಅವಳ ಜೊತೆ ಹೊರಟವರು ಸೋದರಮಾವ. ಅವಳ ಕಡೆ ಬೆಳಕು ಹಿಡಿಯುವ ಕೆಲಸ ಅವರದು, ಅಂದರೆ ಬೆಳ್ಳಿ ಬಣ್ಣದ ದೊಡ್ಡ ತಟ್ಟೆಯಂಥ ಹಾಳೆ ಹಿಡಿದು ಬಿಸಿಲನ್ನು ಜನರ ಮುಖಕ್ಕೆ ತಿರುಗಿಸುವುದು. ಆ ಕೆಲಸಕ್ಕಿಂತ ಹೆಚ್ಚಾಗಿ ಮಾತಾಡುವುದೂ ಅವರದೇ. ದೋಣಿ ಇಳಿಯುವಾಗ ಒಂದು ಚಪ್ಪಲಿ ನೀರಿಗೆ ಬಿತ್ತು. ಅಲ್ಲಿಂದ ಅವರ ಬಾಯಿಗೆ ಬೀಗವಿಲ್ಲ. "ನೆಲ ಇರೋ ಊರಲ್ಲಿ ಮದುವೆ ಆದ್ರೆ ಬಾಳಿಕೆ ಬರಲ್ವೇನೋ ಇವರ ಸಂಸಾರ!" ಅಂತ ಗೊಣಗುತ್ತ, ಒಂಟಿ ಚಪ್ಪಲಿಯಲ್ಲೇ ರೆಸಾರ್ಟಿನವರೆಗೂ ಕುಂಟಿದರು.

ರೆಸಾರ್ಟಿನ ಮ್ಯಾನೇಜರು ದಂಡೆ ತೋರಿಸಿದ. ನಾಲ್ಕು ಕಂಬ ನೆಟ್ಟು ಬಿಳಿ ಬಟ್ಟೆ ಕಟ್ಟಿದ್ದರು. ಅದರ ಮುಂದೆ ಕುರ್ಚಿಗಳ ಸಾಲು, ನೀರಿಗೆ ಸ್ವಲ್ಪ ಈಚೆ ಒಂದು ಹಗ್ಗ. "ಸಂಜೆ ನೀರು ಏರುತ್ತೆ. ಈ ಹಗ್ಗ ದಾಟಿ ಯಾರೂ ಹೋಗಬಾರದು," ಅಂದ. ಕಡಲಿದ್ದದ್ದು ಪಡುವಣಕ್ಕೆ. ಫೋಟೋ ಅಕ್ಕ ಮರಳಲ್ಲಿ ನಡೆದು, ಕೂತು, ಕಣ್ಣು ಕಿರಿದು ಮಾಡಿ ಲೆಕ್ಕ ಹಾಕಿದಳು. ಎಲ್ಲರನ್ನೂ ಕಡಲಿಗೆ ಬೆನ್ನು ಮಾಡಿ ನಿಲ್ಲಿಸುವುದು. ಹಿಂದೆ ಅಲೆ, ಮುಳುಗುವ ಸೂರ್ಯ. ಮುಖ ಕಪ್ಪಾಗದ ಹಾಗೆ ಮಾವ ಬೆಳಕು ಕೊಡುವುದು. ಕಡಲ ಮದುವೆಗೆ ಬರುವವರು ಕೇಳುವುದೇ ಅದನ್ನು. ಕಡಲು ಕಾಣದಿದ್ದರೆ ಅಷ್ಟು ದೂರ ಬಂದದ್ದು ಯಾವ ಪುರುಷಾರ್ಥಕ್ಕೆ?

ಮಾರನೆಯ ದಿನ ಮಧ್ಯಾಹ್ನದಿಂದಲೇ ಹುಡುಗಿಯ ತಾಯಿ ಹಗ್ಗದ ಬಳಿ ನಿಂತಿದ್ದರು. ತೆಳ್ಳಗಿನ ಹೆಂಗಸು, ನೀಲಿ ರೇಷ್ಮೆ ಸೀರೆ, ಬಿಗಿಯಾಗಿ ಕಟ್ಟಿದ ತುರುಬು. ಯಾರು ಬಂದು ಮಾತಾಡಿಸಿದರೂ ಉತ್ತರ ಕೊಡುತ್ತಿದ್ದರು, ಆದರೆ ಮುಖ ಮಾತ್ರ ನೀರಿನ ಕಡೆಗೇ. ಮಕ್ಕಳು ಹಗ್ಗದ ಹತ್ತಿರ ಓಡಿ ಬಂದರೆ ಸಾಕು, ಗದರಿ ಹಿಂದಕ್ಕೆ ಅಟ್ಟುತ್ತಿದ್ದರು.

"ಈಯಮ್ಮನಿಗೆ ಕಡಲು ಅಂದ್ರೆ ಪ್ರಾಣ ಅಂತ ಕಾಣುತ್ತೆ," ಅಂದರು ಮಾವ. "ಕಣ್ಣೇ ತೆಗೀತಿಲ್ಲ ನೋಡು. ಮಗಳ ಮದುವೆ ಅನ್ನೋದಾದ್ರೂ ನೆನಪಿದೆಯೋ ಇಲ್ವೋ!"

ಮದುವೆ ಚೆನ್ನಾಗಿಯೇ ನಡೆಯಿತು. ಬಿಳಿ ಬಟ್ಟೆ ಗಾಳಿಗೆ ಪಟಪಟ ಬಡಿಯಿತು, ಗಂಡು ಹೆಣ್ಣು ಉಂಗುರ ತೊಡಿಸಿಕೊಂಡರು, ಹಿರಿಯರು ತಲೆ ಮೇಲೆ ಕೈ ಇಟ್ಟು ಹರಸಿದರು. ಆಗ ಮಾತ್ರ ತಾಯಿ ಬಂದು ಮಗಳ ಎದುರು ನಿಂತರು. ನಿಂತದ್ದು ಮತ್ತೆ ನೀರಿಗೆ ಮುಖ ಮಾಡಿಯೇ. ಫೋಟೋ ಅಕ್ಕನಿಗೆ ಸಿಕ್ಕಿದ್ದು ತುರುಬು, ಬೆನ್ನು, ಮಗಳ ಕೆನ್ನೆ ಸವರುವ ಒಂದು ಕೈ, ಅಷ್ಟೇ. ಆ ಕೈ ತುಂಬ ಹೊತ್ತು ಕೆನ್ನೆಯ ಮೇಲಿತ್ತು.

ಆಮೇಲೆ ಗುಂಪು ಫೋಟೋ. ಸೂರ್ಯ ಇಳಿಯುತ್ತಿದ್ದ. ಗಂಡಿನ ಕಡೆಯವರು ಹಲ್ಲು ಕಿಸಿದು ನಿಂತು ಹೋದರು, ಹೆಣ್ಣಿನ ಕಡೆಯವರ ಸರದಿ ಬಂತು. ಹುಡುಗಿ ಕಣ್ಣಲ್ಲೇ ಬೇಡುತ್ತಿದ್ದಳು. ಫೋಟೋ ಅಕ್ಕ ತಾಯಿಯ ಬಳಿ ಹೋಗಿ, "ಅಮ್ಮಾ, ಒಂದೇ ಒಂದು. ಮಗಳ ಪಕ್ಕ ಬಂದು ಈ ಕಡೆ ತಿರುಗಿ," ಅಂದಳು.

"ನನ್ನನ್ನ ಬಿಟ್ಟುಬಿಡಮ್ಮ. ಅವರನ್ನೆಲ್ಲ ತೆಗಿ."

"ಹಾಗಂದ್ರೆ ಹೇಗೆ? ಹೆತ್ತ ತಾಯಿ ನೀವು! ಕಡಲು ಎಲ್ಲೂ ಓಡಿ ಹೋಗಲ್ಲ, ಆಮೇಲೆ ನೋಡೋರಂತೆ." ಹೀಗನ್ನುತ್ತ ಅವಳು ನಗುನಗುತ್ತ ಎರಡೂ ಭುಜ ಹಿಡಿದು, ತನ್ನ ಎಂದಿನ ಪದ್ಧತಿಯಂತೆ, ಮೆಲ್ಲಗೆ ತಿರುಗಿಸಿಬಿಟ್ಟಳು.

ತಾಯಿಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಅದೇ ಹೊತ್ತಿಗೆ ಹಿಂದೆ ಒಂದು ಅಲೆ ಒಡೆಯಿತು, ಯಾವುದೋ ಮಗು ಕಿಟಾರನೆ ಕಿರುಚಿತು. ತಾಯಿ ಇವಳನ್ನು ಎರಡೂ ಕೈಯಿಂದ ತಳ್ಳಿ, ಕೂಗಿಕೊಂಡು ನೀರಿನತ್ತ ಓಡಿದರು. ಫೋಟೋ ಅಕ್ಕ ಕ್ಯಾಮೆರಾ ತಬ್ಬಿಕೊಂಡು ಮರಳಲ್ಲಿ ಕುಕ್ಕರಿಸಿದಳು. ಮಗುವಿಗೆ ಏನೂ ಆಗಿರಲಿಲ್ಲ. ಕಾಲಿಗೆ ನೊರೆ ತಾಕಿತೆಂದು ಖುಷಿಗೆ ಕಿರುಚಿತ್ತು. ತಾಯಿ ಅದರ ರಟ್ಟೆ ಹಿಡಿದು ದರದರ ಎಳೆದು ತಂದು, ಅದರ ಅಮ್ಮನ ಮಡಿಲಿಗೆ ಹಾಕಿ, ಏದುಸಿರು ಬಿಡುತ್ತ ನಿಂತರು. ಮಗು ಅಳಲು ಶುರು ಮಾಡಿತು. ಕುರ್ಚಿಗಳಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿಯ ತಂದೆ ಮಾತ್ರ ತಲೆ ತಗ್ಗಿಸಿ ತಮ್ಮ ಅಂಗೈ ನೋಡುತ್ತಿದ್ದರು.

ಫೋಟೋ ಅಕ್ಕನ ತೋಳು ಹಿಡಿದು ಎಬ್ಬಿಸಿದವರು ಹುಡುಗಿಯ ಚಿಕ್ಕಮ್ಮ. ಕುರ್ಚಿಗಳನ್ನು ಪೇರಿಸಿಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಒಳಗೆ ಹಳೆಯ ಪರದೆಗಳು, ಮುರಿದ ಕೊಡೆ, ಒದ್ದೆ ಮರಳಿನ ವಾಸನೆ.

"ನಿನ್ನ ತಪ್ಪಲ್ಲ ಬಿಡು. ಆ ಹುಡುಗಿ ನಿನಗೆ ಹೇಳಬೇಕಿತ್ತು," ಅಂದರು ಚಿಕ್ಕಮ್ಮ. "ಇವಳಿಗಿಂತ ಮುಂಚೆ ಒಂದು ಗಂಡು ಮಗು ಇತ್ತು ನಮ್ಮಕ್ಕನಿಗೆ. ಆಗತಾನೇ ಓಡೋದು ಕಲಿತಿದ್ದ. ಕಡಲು ನೋಡೋಕೆ ಅಂತ ಹೋದ್ರು. ಅಕ್ಕನ್ನ ಕಡಲಿಗೆ ಬೆನ್ನು ಹಾಕಿ ನಿಲ್ಲಿಸಿ ಅವಳ ಗಂಡ ಫೋಟೋ ತೆಗೆದ್ರು. ಮಗು ಅವಳ ಹಿಂದೇನೇ ಮರಳಲ್ಲಿ ಆಡ್ತಿತ್ತು. ನಗು ಅಂದ್ರು, ನಕ್ಕಳು. ತಿರುಗಿ ನೋಡ್ತಾಳೆ, ಮಗು ಇಲ್ಲ."

ಫೋಟೋ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

"ಆ ಫೋಟೋ ಚೆನ್ನಾಗಿ ಬಂದಿತ್ತಂತೆ. ಅವಳು ನೋಡಿಲ್ಲ. ನಾವ್ಯಾರೂ ನೋಡಿಲ್ಲ," ಅಂದರು ಚಿಕ್ಕಮ್ಮ. "ಅವತ್ತಿಂದ ಕೆರೆ ಇರಲಿ, ಹೊಳೆ ಇರಲಿ, ನೀರಿಗೆ ಬೆನ್ನು ಹಾಕಲ್ಲ. ಈ ಮದುವೆ ಇಲ್ಲಿ ಬೇಡ ಅಂತ ಹುಡುಗಿ ಎಲ್ಲರ ಕಾಲಿಗೂ ಬಿದ್ದಳು. ಗಂಡಿನ ಮನೆಯವರಿಗೆ ಆಸೆ, ಆಗಲಿ, ನನ್ನ ಭಯ ಮಗಳಿಗೆ ಯಾಕೆ ಅಂತ ಅಕ್ಕನೇ ಹೂಂ ಅಂದಳು. ಬಂದಾಗಿಂದ ಕಾವಲು ಕಾಯ್ತಾ ಇದ್ದಾಳೆ. ಒಂದು ತೊಟ್ಟು ಕಾಫಿ ಕೂಡ ಕುಡಿದಿಲ್ಲ."

ನಗಿಸಿ ತಿರುಗಿಸುವ ತನ್ನ ಜಾಣತನದ ಬಗ್ಗೆ ಫೋಟೋ ಅಕ್ಕನಿಗೆ ನಾಚಿಕೆಯಾಯಿತು, ಅಳು ಬಂತು, ಆ ತಂದೆಯ ಅಂಗೈ ನೆನಪಾಗಿ ಇನ್ನೂ ಸಂಕಟವಾಯಿತು. ಕ್ಯಾಮೆರಾವನ್ನು ಚೀಲಕ್ಕೆ ತುಂಬಿ, ಆ ಒಂದು ಫೋಟೋ ಆಗುವುದಿಲ್ಲ ಅಂತ ಹುಡುಗಿಗೆ ಹೇಳಿಬಿಡೋಣ ಎಂದುಕೊಂಡೇ ಬಾಗಿಲು ತೆರೆದಳು.

ತಾಯಿ ಮತ್ತೆ ಹಗ್ಗದ ಬಳಿ ನಿಂತಿದ್ದರು. ಇಳಿಬಿಸಿಲು ಅವರ ಇಡೀ ಮೈ ಮೇಲೆ ಬಿದ್ದಿತ್ತು. ಉಳಿದವರ ಮುಖಕ್ಕೆ ಮಾವ ಸಂಜೆಯೆಲ್ಲ ಬೆವರು ಸುರಿಸಿ ಹಾಕಿದ ಬೆಳಕು ಈ ಮುಖದ ಮೇಲೆ ತಾನಾಗಿ ಇತ್ತು. ನೋಡುವವರು ಮಾತ್ರ ಆ ಕಡೆ ಯಾರೂ ಇರಲಿಲ್ಲ.

ಫೋಟೋ ಅಕ್ಕ ಕ್ಯಾಮೆರಾ ಮಾತ್ರ ಇಟ್ಟುಕೊಂಡು ಚೀಲವನ್ನು ಮಾವನ ಕೈಗೆ ಕೊಟ್ಟು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಏನೇ ಇದು?" ಅಂದರು ಮಾವ.

"ಅವರನ್ನ ಈ ಕಡೆ ತಿರುಗಿಸೋದು ಬೇಡ ಮಾವ. ನಾನೇ ಆ ಕಡೆ ಹೋಗ್ತೀನಿ."

"ನೀರೊಳಗಾ? ತಲೆ ನೆಟ್ಟಗಿದೆಯಾ ನಿನಗೆ? ಬಚ್ಚಲ ತೊಟ್ಟಿಗೆ ಹೆದರೋಳು ನೀನು!"

"ಹೌದು, ಹೆದರ್ತೀನಿ," ಅಂದಳು. ಹುಡುಗಿಗೆ ಕೈ ಬೀಸಿ, "ಅಮ್ಮನ ಪಕ್ಕ ಹೋಗಿ ನಿಲ್ಲು. ಏನೂ ಹೇಳಬೇಡ, ಸುಮ್ಮನೆ ಕೈ ಹಿಡ್ಕೊ," ಅಂತ ಕೂಗಿ, ಹಗ್ಗ ದಾಟಿದಳು. ಮ್ಯಾನೇಜರು ಹೋ ಹೋ ಅಂತ ಓಡಿ ಬಂದ. ಅವನನ್ನು ಮಾವ ಮಾತಿನಲ್ಲೇ ಕಟ್ಟಿಹಾಕಿದರು. ಆ ವಿದ್ಯೆಯಲ್ಲಿ ಅವರನ್ನು ಮೀರಿಸಿದವರಿಲ್ಲ.

ನೀರು ಬೆಚ್ಚಗಿತ್ತು. ಕಾಲಡಿಯ ಮರಳು ಜಾರುತ್ತಿತ್ತು. ಮೊಣಕಾಲು ಮುಳುಗುವವರೆಗೆ ಹೋಗಿ ಅವಳು ದಂಡೆಯ ಕಡೆ ತಿರುಗಿದಳು. ಈಗ ಕಡಲು ಪೂರ್ತಿ ಅವಳ ಬೆನ್ನಿಗಿತ್ತು.

ತಾಯಿ ಅದನ್ನು ಕಂಡರು. "ಏಯ್! ಹಿಂದೆ ನೋಡೇ! ನೀರಿಗೆ ಬೆನ್ನು ಹಾಕಬೇಡ! ಬಾ ಈಚೆಗೆ!"

"ನಾನು ನೋಡೋಕಾಗಲ್ಲಮ್ಮಾ," ಅಂತ ಫೋಟೋ ಅಕ್ಕ ಗಂಟಲು ಹರಿಯುವ ಹಾಗೆ ಕೂಗಿದಳು. "ನನಗೆ ಈಜೂ ಬರಲ್ಲ. ನನ್ನ ಬೆನ್ನ ಹಿಂದೆ ನೀವು ನೋಡ್ತಿರಿ. ದೊಡ್ಡದು ಬಂದ್ರೆ ಹೇಳಿ. ನೀವು ಬಾ ಅಂದ ತಕ್ಷಣ ಬರ್ತೀನಿ."

ತಾಯಿಗೆ ಎದ್ದು ಒಳಗೆ ಹೋಗಲು ಇಲ್ಲಿ ಮನೆಯಿಲ್ಲ, ಕಣ್ಣು ಕೀಳುವ ಹಾಗೂ ಇಲ್ಲ. ಮಗಳ ಕೈಯನ್ನು ತಾವೇ ಗಟ್ಟಿಯಾಗಿ ಹಿಡಿದುಕೊಂಡು ಒಂದು ಹೆಜ್ಜೆ ಮುಂದೆ ಬಂದರು.

"ಬಂತು," ಅಂದರು. "ಚಿಕ್ಕದು. ಕಾಲು ಅಗಲ ಮಾಡಿ ನಿಲ್ಲು." ಅಲೆ ಅವಳ ತೊಡೆಗೆ ಬಡಿದು ದಂಡೆಗೆ ಹೋಯಿತು. "ಹಾಂ, ಹೋಯ್ತು. ಇನ್ನೊಂದು ಬರ್ತಿದೆ, ಇದೂ ಚಿಕ್ಕದೇ. ಹೆದರಬೇಡ, ನಾನು ನೋಡ್ತಿದ್ದೀನಿ." ದನಿ ಮೊದಮೊದಲು ನಡುಗುತ್ತಿತ್ತು, ಆಮೇಲೆ ನಡುಗಲಿಲ್ಲ. ಒಂದೊಂದು ಅಲೆಯನ್ನೂ ದೂರದಿಂದಲೇ ಹಿಡಿದು ಕರೆತರುತ್ತಿದ್ದರು. ಹುಡುಗಿ ಕಡಲನ್ನೂ ನೋಡಲಿಲ್ಲ, ಕ್ಯಾಮೆರಾವನ್ನೂ ನೋಡಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಫೋಟೋ ಅಕ್ಕನಿಗೆ ಕಣ್ಣು ಮಂಜಾಗಿ ಕಾಣಿಸದೇ ಹೋಯಿತು. ಕ್ಯಾಮೆರಾದ ಮೇಲೆ ನಂಬಿಕೆಯಿಟ್ಟು ಬಟನ್ ಒತ್ತುತ್ತ ಹೋದಳು.

"ದೊಡ್ಡದು! ದೊಡ್ಡದು ಬಂತು! ಬಾ, ಸಾಕು, ಬಾ ಅಂದ್ರೆ ಬಾರೇ!"

ಅವಳು ತಿರುಗಿ ನೋಡಲಿಲ್ಲ. ಮಾತು ಕೊಟ್ಟಿದ್ದ ಹಾಗೆ ಕ್ಯಾಮೆರಾ ತಲೆಯ ಮೇಲೆತ್ತಿಕೊಂಡು ದಡಕ್ಕೆ ಓಡಿದಳು. ಅಲೆ ಬೆನ್ನಿಗೆ ಬಂದು ಬಡಿಯುವಷ್ಟರಲ್ಲಿ ಅವಳ ರಟ್ಟೆಯನ್ನು ಒಂದು ಕೈ ಹಿಡಿದಿತ್ತು. ಹಗ್ಗ ಯಾವಾಗ ದಾಟಿದರೋ, ತಾಯಿ ಮೊಣಕಾಲವರೆಗೆ ನೀರಿನಲ್ಲಿ ನಿಂತಿದ್ದರು. ನೀಲಿ ಸೀರೆಯ ನೆರಿಗೆ ತೊಯ್ದು ತೇಲುತ್ತಿತ್ತು. ಮರಳಿಗೆ ಬಂದ ಮೇಲೂ ಅವರು ಹಿಡಿತ ಸಡಿಲಿಸಲಿಲ್ಲ. ಬೈದರು, ಬುದ್ಧಿಯಿಲ್ಲ ಅಂದರು, ತಮ್ಮ ಸೆರಗಿನಿಂದ ಅವಳ ಮುಖ ಒರೆಸಿದರು, ಮತ್ತೆ ಬೈದರು. ಬೈಯುತ್ತಲೇ ಅತ್ತುಬಿಟ್ಟರು. ಹುಡುಗಿ ಅಮ್ಮನನ್ನು ಹಿಂದಿನಿಂದ ತಬ್ಬಿಕೊಂಡಳು.

ಸೂರ್ಯ ಮುಳುಗಿದ ಮೇಲೆ, ಬಿಳಿ ಬಟ್ಟೆಯ ಕೆಳಗಿನ ಕುರ್ಚಿಗಳಲ್ಲಿ ಮೂವರೂ ಕೂತರು. ಚಿಕ್ಕಮ್ಮ ಕಾಫಿ ತಂದುಕೊಟ್ಟರು. ಫೋಟೋ ಅಕ್ಕ ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಬಂದು ಒಂದರಲ್ಲಿ ನಿಂತಳು. ಎಷ್ಟೋ ಅಲುಗಿ ಹೋಗಿದ್ದವು, ಇದು ಅಲುಗಿರಲಿಲ್ಲ. ತಾಯಿಯ ಬಾಯಿ ಏನೋ ಕೂಗುತ್ತ ತೆರೆದಿತ್ತು, ಹುಬ್ಬು ಗಂಟಿಕ್ಕಿತ್ತು, ಕಣ್ಣು ಎಲ್ಲೋ ದೂರ ನೆಟ್ಟಿತ್ತು. ನಗು ಇರಲಿಲ್ಲ. ಪಕ್ಕದಲ್ಲಿ ಮಗಳ ಕಣ್ಣು ತುಂಬಿತ್ತು.

"ತೋರಿಸಲಾ ಅಮ್ಮ?" ಅಂದಳು ಹುಡುಗಿ, ಭಯದಿಂದ.

ತಾಯಿ ಕಾಫಿ ಲೋಟ ಕೆಳಗಿಟ್ಟರು. ಕೈಯನ್ನು ಸೀರೆಗೆ ಒರೆಸಿಕೊಂಡು ಕ್ಯಾಮೆರಾವನ್ನು ಕಣ್ಣ ಹತ್ತಿರಕ್ಕೆ ತಂದುಕೊಂಡರು. ತಮ್ಮ ಮುಖವನ್ನು ಅವರು ನೋಡಲೇ ಇಲ್ಲ. ನೋಡಿದ್ದು ಅದರ ಹಿಂದಿನ ಮರಳನ್ನು. ಅಲ್ಲಿ ನೆಂಟರೆಲ್ಲ ಎದ್ದು ನಿಂತಿದ್ದರು. ಬೆಳಕಿನ ತಟ್ಟೆ ಹಿಡಿದ ಮಾವ ಇದ್ದರು, ಮದುಮಗ ಇದ್ದ, ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡ ಅಮ್ಮ ಇದ್ದಳು. ಬದಿಯಲ್ಲಿ, ಖಾಲಿ ಕೈ ಇಳಿಬಿಟ್ಟುಕೊಂಡು, ಅವರ ಗಂಡ ಇದ್ದರು. ತಾಯಿಯ ಬೆರಳು ಒಬ್ಬೊಬ್ಬರ ಮೇಲೂ ಮೆಲ್ಲಗೆ ಸರಿಯುತ್ತ ಹೋಯಿತು. ಕೊನೆಯವರನ್ನು ತಲುಪಿದ ಮೇಲೆ ಇನ್ನೊಮ್ಮೆ ಮೊದಲಿನಿಂದ ಬಂತು.

"ಎಲ್ಲರೂ ಇದ್ದಾರೆ," ಅಂದರು.

ಆಮೇಲೆ ತಲೆಯೆತ್ತಿ, ದೂರದ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದ ಗಂಡನನ್ನು ಕರೆದರು. "ಬನ್ನಿ ಇಲ್ಲಿ. ನೀವೂ ನೋಡಿ."